ನ್ಯಾನೊ ವಸ್ತುಗಳ ನಿಯಂತ್ರಣ: ಪರಿಸರ ಕಾನೂನು ಮತ್ತು ವಿಶ್ವ ವ್ಯಾಪಾರದ ನಿಯಮಗಳು

ಪದಾರ್ಥವನ್ನು ಪರಮಾಣು ಮತ್ತು ಅಣುಗಳಿಗೆ ಸಮೀಪದ ಅಳತೆಯಲ್ಲಿ ರೂಪಿಸಿ ಬಳಸುವ ವಿದ್ಯೆಗೆ ನ್ಯಾನೊತಂತ್ರಜ್ಞಾನ ಎಂದು ಹೆಸರು. ಈ ವಿದ್ಯೆಯಿಂದ ತಯಾರಾದ ವಸ್ತುಗಳು ಸನ್‌ಸ್ಕ್ರೀನ್, ಬಣ್ಣ, ಬಟ್ಟೆ, ಔಷಧಿ, ಬ್ಯಾಟರಿ ಮತ್ತು ರಸಗೊಬ್ಬರಗಳ ಮೂಲಕ ಈಗಾಗಲೇ ನಿತ್ಯಜೀವನವನ್ನು ಪ್ರವೇಶಿಸಿವೆ. ಇವುಗಳಿಂದ ಆರೋಗ್ಯಕ್ಕೂ ನಿಸರ್ಗಕ್ಕೂ ಹಾನಿಯಾಗದಂತೆ ಕಾಯುವುದು ಪರಿಸರ ಕಾನೂನಿನ ಹೊಣೆ. ರಕ್ಷಣೆಯ ಹೆಸರಿನಲ್ಲಿ ಒಂದು ದೇಶವು ಇನ್ನೊಂದು ದೇಶದ ಸರಕನ್ನು ಅನ್ಯಾಯವಾಗಿ ತಡೆಯದಂತೆ ನೋಡಿಕೊಳ್ಳುವುದು ಅಂತರರಾಷ್ಟ್ರೀಯ ವ್ಯಾಪಾರ ಕಾನೂನಿನ ಹೊಣೆ. ಎರಡರ ಮುಂದಿರುವ ಮೂಲ ಪ್ರಶ್ನೆ ಒಂದೇ: ರಾಸಾಯನಿಕವಾಗಿ ಒಂದೇ ಆಗಿರುವ ಎರಡು ವಸ್ತುಗಳು ಗಾತ್ರದಲ್ಲಿ ಮಾತ್ರ ಭಿನ್ನವಾಗಿದ್ದರೆ, ಕಾನೂನು ಅವನ್ನು ಒಂದೇ ಎಂದು ಎಣಿಸಬೇಕೆ ಅಥವಾ ಬೇರೆ ಬೇರೆ ಎಂದು ಎಣಿಸಬೇಕೆ?

ನ್ಯಾನೊ ವಸ್ತು ಎಂದರೇನು?

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 80,000ದಿಂದ 1,00,000 ನ್ಯಾನೊಮೀಟರ್ ಇರುತ್ತದೆ. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣ, ನಾರು ಅಥವಾ ಪದರಗಳನ್ನು ಒಳಗೊಂಡ ವಸ್ತುವನ್ನು ನ್ಯಾನೊ ವಸ್ತು ಎನ್ನುತ್ತಾರೆ.

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1959ರ ಡಿಸೆಂಬರಿನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಪರಮಾಣುಗಳನ್ನು ಒಂದೊಂದಾಗಿ ಜೋಡಿಸುವ ಸಾಧ್ಯತೆಯನ್ನು ಮುಂದಿಟ್ಟರು. ನ್ಯಾನೊತಂತ್ರಜ್ಞಾನ ಎಂಬ ಪದವನ್ನು ಜಪಾನಿನ ನೊರಿಯೊ ತನಿಗುಚಿ 1974ರಲ್ಲಿ ಬಳಕೆಗೆ ತಂದರು. 1991ರಲ್ಲಿ ಸುಮಿಯೊ ಇಜಿಮಾ ಅವರು ಇಂಗಾಲದ ನ್ಯಾನೊಕೊಳವೆಗಳನ್ನು ಕುರಿತು ಪ್ರಕಟಿಸಿದ ವರದಿಯು ಈ ಕ್ಷೇತ್ರಕ್ಕೆ ಹೊಸ ವೇಗ ನೀಡಿತು.

ಗಾತ್ರ ಕುಗ್ಗಿದಂತೆ ವಸ್ತುವಿನ ಗುಣವೂ ಬದಲಾಗುತ್ತದೆ. ಹಳದಿಯಾಗಿ ಹೊಳೆಯುವ ಚಿನ್ನದ ನ್ಯಾನೊಕಣಗಳು ದ್ರಾವಣದಲ್ಲಿ ಕೆಂಪಾಗಿ ಕಾಣುತ್ತವೆ. ಬಿಳಿ ಬಣ್ಣಕ್ಕಾಗಿ ಬಳಸುವ ಟೈಟೇನಿಯಂ ಡೈಆಕ್ಸೈಡ್ ನ್ಯಾನೊ ಗಾತ್ರದಲ್ಲಿ ಪಾರದರ್ಶಕವಾಗುತ್ತದೆ, ಆದರೆ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಚರ್ಮದ ಮೇಲೆ ಬಿಳಿಯಾಗಿ ಉಳಿಯದ ಸನ್‌ಸ್ಕ್ರೀನ್ ತಯಾರಾಗುವುದು ಈ ಗುಣದಿಂದಲೇ. ಬದಲಾವಣೆಗೆ ಒಂದು ಮುಖ್ಯ ಕಾರಣ ಮೇಲ್ಮೈ ವಿಸ್ತೀರ್ಣ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೊಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ತೂಕ ಬದಲಾಗುವುದಿಲ್ಲ, ಸುತ್ತಲಿನ ನೀರು, ಗಾಳಿ ಮತ್ತು ಜೀವಕೋಶಗಳ ಜೊತೆ ವರ್ತಿಸುವ ಶಕ್ತಿ ಮಾತ್ರ ಹಲವು ಪಟ್ಟು ಹೆಚ್ಚುತ್ತದೆ.

ನಿಯಂತ್ರಣದ ಅಗತ್ಯ

ಉಪಯೋಗಕ್ಕೆ ಕಾರಣವಾದ ಗುಣವೇ ಅಪಾಯಕ್ಕೂ ಕಾರಣವಾಗಬಲ್ಲದು. ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು ಬಟ್ಟೆಗೆ ಲೇಪಿಸಿದ ನ್ಯಾನೊಬೆಳ್ಳಿಯು ತೊಳೆದಾಗ ಚರಂಡಿ ನೀರನ್ನು ಸೇರಿ, ಅಲ್ಲಿನ ಉಪಯುಕ್ತ ಸೂಕ್ಷ್ಮಜೀವಿಗಳಿಗೂ ಜಲಚರಗಳಿಗೂ ಹಾನಿ ಮಾಡಬಹುದು. ಉಸಿರಿನೊಡನೆ ಒಳಹೋದ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳವನ್ನು ತಲುಪಬಲ್ಲವು. ಈ ಅಪಾಯ ಮೊದಲು ತಟ್ಟುವುದು ಒಣ ಪುಡಿಯನ್ನು ನಿರ್ವಹಿಸುವ ಕಾರ್ಖಾನೆಯ ಕಾರ್ಮಿಕರಿಗೆ.

ಇಂಗಾಲದ ನ್ಯಾನೊಕೊಳವೆಗಳ ಉದಾಹರಣೆ ಇಲ್ಲಿ ಮಹತ್ವದ್ದು. ಉದ್ದವಾದ, ಬಹುಭಿತ್ತಿಯ ಕೊಳವೆಗಳನ್ನು ಇಲಿಗಳ ಉದರಕುಹರಕ್ಕೆ ಸೇರಿಸಿದಾಗ ಕಲ್ನಾರಿನಿಂದ ಉಂಟಾಗುವಂಥ ಉರಿಯೂತ ಕಾಣಿಸಿಕೊಂಡಿತೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಈ ಕೊಳವೆಗಳ ಒಂದು ನಿರ್ದಿಷ್ಟ ಬಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳದ್ದೆಂದು ವರ್ಗೀಕರಿಸಿತು. ಉಳಿದ ಬಗೆಗಳನ್ನು ವರ್ಗೀಕರಿಸಲು ಸಾಕಷ್ಟು ಪುರಾವೆ ಇಲ್ಲವೆಂದು ಅದೇ ಸಂಸ್ಥೆ ಹೇಳಿತು. ಎಲ್ಲ ಕೊಳವೆಗಳೂ ಇಂಗಾಲದವೇ. ಅವುಗಳನ್ನು ಬೇರ್ಪಡಿಸಿದ್ದು ಉದ್ದ, ದಪ್ಪ ಮತ್ತು ಬಿಗಿತನ. ಆದ್ದರಿಂದ ಎಲ್ಲ ನ್ಯಾನೊ ವಸ್ತುಗಳೂ ಅಪಾಯಕಾರಿ ಎಂಬ ಮಾತೂ ಸರಿಯಲ್ಲ, ದೊಡ್ಡ ಗಾತ್ರದಲ್ಲಿ ನಿರಪಾಯವಾದದ್ದು ಸಣ್ಣ ಗಾತ್ರದಲ್ಲಿಯೂ ನಿರಪಾಯ ಎಂಬ ಮಾತೂ ಸರಿಯಲ್ಲ. ಪ್ರತಿಯೊಂದು ರೂಪವನ್ನೂ ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ.

ಹಳೆಯ ಕಾನೂನು ಎದುರಿಸುವ ತೊಡಕು

ಇಪ್ಪತ್ತನೆಯ ಶತಮಾನದ ರಾಸಾಯನಿಕ ಕಾನೂನುಗಳು ಎರಡು ಆಧಾರಗಳ ಮೇಲೆ ನಿಂತಿವೆ. ಮೊದಲನೆಯದು ವಸ್ತುವಿನ ರಾಸಾಯನಿಕ ಹೆಸರು, ಎರಡನೆಯದು ಅದರ ತೂಕ. ಪಟ್ಟಿಯಲ್ಲಿ ಈಗಾಗಲೇ ಹೆಸರಿರುವ ವಸ್ತುವನ್ನು ಹಳೆಯದೆಂದು ಪರಿಗಣಿಸಲಾಗುತ್ತದೆ. ವರ್ಷಕ್ಕೆ ಇಂತಿಷ್ಟು ಟನ್ನಿಗಿಂತ ಕಡಿಮೆ ತಯಾರಾಗುವ ವಸ್ತುವಿಗೆ ವಿನಾಯಿತಿ ಸಿಗುತ್ತದೆ.

ನ್ಯಾನೊ ವಸ್ತುಗಳು ಈ ಎರಡು ಜಾಲರಿಗಳಿಂದಲೂ ಜಾರಿಹೋಗುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1976ರ ವಿಷಕಾರಿ ವಸ್ತುಗಳ ನಿಯಂತ್ರಣ ಕಾಯ್ದೆಯನ್ನು ಅನ್ವಯಿಸುವಾಗ, ವಸ್ತು ಹೊಸದೇ ಅಲ್ಲವೇ ಎಂಬುದನ್ನು ಅಣುರಚನೆ ನಿರ್ಧರಿಸುತ್ತದೆ, ಕಣದ ಗಾತ್ರ ನಿರ್ಧರಿಸುವುದಿಲ್ಲ ಎಂಬ ನಿಲುವನ್ನು 2008ರಲ್ಲಿ ತಳೆಯಿತು. ಆ ಪ್ರಕಾರ ಇಂಗಾಲದ ನ್ಯಾನೊಕೊಳವೆಯು ಗ್ರಾಫೈಟಿಗಿಂತ ಭಿನ್ನವಾದ ಹೊಸ ವಸ್ತುವಾಯಿತು. ಟೈಟೇನಿಯಂ ಡೈಆಕ್ಸೈಡಿನ ನ್ಯಾನೊರೂಪ ಹಳೆಯ ವಸ್ತುವಾಗಿಯೇ ಉಳಿಯಿತು. ತೂಕದ ಮಿತಿಯೂ ಇಷ್ಟೇ ಸಡಿಲ. ಅತ್ಯಲ್ಪ ತೂಕದಲ್ಲಿಯೂ ಅಪಾರ ಮೇಲ್ಮೈ ಇರುವ ವಸ್ತುವನ್ನು ಟನ್ನುಗಳಲ್ಲಿ ಅಳೆದರೆ ಅದರ ಪರಿಣಾಮ ಲೆಕ್ಕಕ್ಕೆ ಸಿಗುವುದಿಲ್ಲ. ಸುಂಕ ವ್ಯವಸ್ಥೆಯಲ್ಲಿಯೂ ಇದೇ ಸ್ಥಿತಿ ಇದೆ. ಬಂದರಿನಲ್ಲಿ ಟೈಟೇನಿಯಂ ಡೈಆಕ್ಸೈಡನ್ನು ಗುರುತಿಸುವ ಅಂತರರಾಷ್ಟ್ರೀಯ ಸುಂಕ ಸಂಕೇತವು ಕಣದ ಗಾತ್ರವನ್ನು ಕೇಳುವುದಿಲ್ಲ.

ಪರಿಸರ ಕಾನೂನಿನ ಸಾಧನಗಳು

ಈ ತೊಡಕನ್ನು ಹೆಚ್ಚು ವ್ಯವಸ್ಥಿತವಾಗಿ ಬಿಡಿಸಲು ಯತ್ನಿಸಿರುವುದು ಐರೋಪ್ಯ ಒಕ್ಕೂಟ. ಅದು ಬಳಸಿದ ಸಾಧನಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ವ್ಯಾಖ್ಯೆ. ವಸ್ತುವಿನಲ್ಲಿರುವ ಕಣಗಳ ಪೈಕಿ ಸಂಖ್ಯೆಯಲ್ಲಿ ಶೇ 50 ಅಥವಾ ಅದಕ್ಕಿಂತ ಹೆಚ್ಚು ಕಣಗಳು 1ರಿಂದ 100 ನ್ಯಾನೊಮೀಟರ್ ಗಾತ್ರದಲ್ಲಿದ್ದರೆ ಅದು ನ್ಯಾನೊ ವಸ್ತು ಎಂದು ಐರೋಪ್ಯ ಆಯೋಗವು 2011ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗಲೂ ಈ ಮಿತಿಯನ್ನು ಉಳಿಸಿಕೊಂಡಿತು. ತೂಕದ ಬದಲು ಕಣಗಳ ಸಂಖ್ಯೆಯನ್ನು ಆಧಾರವಾಗಿ ಇಟ್ಟದ್ದು ಈ ವ್ಯಾಖ್ಯೆಯ ಹಿರಿಮೆ.

ಎರಡನೆಯದು ನೋಂದಣಿ. 2007ರಲ್ಲಿ ಜಾರಿಗೆ ಬಂದ ರೀಚ್ ಎಂಬ ರಾಸಾಯನಿಕ ಕಾನೂನಿನ ಸೂತ್ರ ಸರಳ: ಮಾಹಿತಿ ಇಲ್ಲದಿದ್ದರೆ ಮಾರುಕಟ್ಟೆ ಇಲ್ಲ. ವರ್ಷಕ್ಕೆ ಒಂದು ಟನ್ ಅಥವಾ ಹೆಚ್ಚು ತಯಾರಿಸುವವರು ಮತ್ತು ಆಮದು ಮಾಡುವವರು ಸುರಕ್ಷತೆಯ ಮಾಹಿತಿ ಒದಗಿಸಿ ನೋಂದಾಯಿಸಬೇಕು. ಒಂದೇ ವಸ್ತುವಿನ ನ್ಯಾನೊರೂಪಗಳ ವಿವರವನ್ನು ಪ್ರತ್ಯೇಕವಾಗಿ ಕೊಡಬೇಕೆಂಬ ನಿಯಮ 2020ರ ಜನವರಿ 1ರಿಂದ ಅನ್ವಯವಾಗಿದೆ. ಫ್ರಾನ್ಸ್ ಇನ್ನೂ ಮುಂದೆ ಹೋಗಿ, ವರ್ಷಕ್ಕೆ 100 ಗ್ರಾಂ ನ್ಯಾನೊ ವಸ್ತುವನ್ನು ತಯಾರಿಸಿದರೂ ಆಮದು ಮಾಡಿದರೂ ವಿತರಿಸಿದರೂ ಸರ್ಕಾರಕ್ಕೆ ತಿಳಿಸುವುದನ್ನು 2013ರಿಂದ ಕಡ್ಡಾಯಗೊಳಿಸಿತು. ಒಂದು ಟನ್ನಿಗೂ 100 ಗ್ರಾಮಿಗೂ ಇರುವ ಹತ್ತು ಸಾವಿರ ಪಟ್ಟಿನ ಅಂತರವು ತೂಕದ ಹಳೆಯ ಮಿತಿ ಎಷ್ಟು ಸಡಿಲವೆಂಬುದನ್ನು ತೋರಿಸುತ್ತದೆ.

ಮೂರನೆಯದು ಲೇಬಲ್. 2013ರ ಜುಲೈನಿಂದ ಅನ್ವಯವಾದ ಐರೋಪ್ಯ ಸೌಂದರ್ಯವರ್ಧಕ ನಿಯಮದ ಪ್ರಕಾರ ನ್ಯಾನೊರೂಪದ ಪ್ರತಿಯೊಂದು ಘಟಕದ ಹೆಸರಿನ ನಂತರ ಆವರಣ ಚಿಹ್ನೆಯೊಳಗೆ ‘ನ್ಯಾನೊ’ ಎಂದು ನಮೂದಿಸಬೇಕು. ಆಹಾರ ಪದಾರ್ಥಗಳಿಗೂ ಸೂಕ್ಷ್ಮಜೀವಿ ನಾಶಕಗಳಿಗೂ ಇಂಥದೇ ನಿಯಮಗಳಿವೆ.

ನಾಲ್ಕನೆಯದು ನಿಷೇಧ. ಆಹಾರಕ್ಕೆ ಬಿಳುಪು ಕೊಡಲು ಬಳಸುವ ‘ಇ 171’ ಎಂಬ ಟೈಟೇನಿಯಂ ಡೈಆಕ್ಸೈಡಿನ ಒಂದು ಭಾಗ ನ್ಯಾನೊಕಣಗಳಿಂದ ಕೂಡಿರುತ್ತದೆ. ಇದು ಅನುವಂಶಿಕ ದ್ರವ್ಯಕ್ಕೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಅಭಿಪ್ರಾಯ ನೀಡಿತು. 2022ರಲ್ಲಿ ಒಕ್ಕೂಟವು ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು.

ಅಮೆರಿಕದ ಹಾದಿ ಭಿನ್ನವಾಗಿದೆ. ಅಲ್ಲಿ ನ್ಯಾನೊ ವಸ್ತುಗಳಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಇರುವ ಕಾಯ್ದೆಯಡಿಯಲ್ಲಿಯೇ 2017ರಲ್ಲಿ ಮಾಹಿತಿ ಸಲ್ಲಿಕೆಯ ನಿಯಮವನ್ನು ರೂಪಿಸಲಾಯಿತು. ನ್ಯಾಯಾಲಯಗಳೂ ಪಾತ್ರ ವಹಿಸಿವೆ. ಬಟ್ಟೆ ಮತ್ತು ಪ್ಲಾಸ್ಟಿಕ್‌ಗಳಲ್ಲಿ ಬಳಸುವ ನ್ಯಾನೊಬೆಳ್ಳಿಯ ಒಂದು ಉತ್ಪನ್ನಕ್ಕೆ ಪರಿಸರ ಸಂರಕ್ಷಣಾ ಸಂಸ್ಥೆ ನೀಡಿದ್ದ ಷರತ್ತುಬದ್ಧ ಅನುಮತಿಯನ್ನು ಮೇಲ್ಮನವಿ ನ್ಯಾಯಾಲಯವು 2017ರಲ್ಲಿ ರದ್ದುಗೊಳಿಸಿತು. ಅದು ಸಾರ್ವಜನಿಕ ಹಿತಕ್ಕೆ ಪೂರಕವೆಂದು ತೋರಿಸುವ ಸಾಕಷ್ಟು ಆಧಾರಗಳಿಲ್ಲ ಎಂಬುದು ಆ ತೀರ್ಪಿನ ಸಾರ.

ಮುನ್ನೆಚ್ಚರಿಕೆ ತತ್ತ್ವ

ಗಂಭೀರ ಹಾನಿಯ ಭೀತಿ ಇರುವಲ್ಲಿ ವೈಜ್ಞಾನಿಕ ಖಚಿತತೆ ಪೂರ್ಣವಾಗಿಲ್ಲವೆಂಬ ಕಾರಣಕ್ಕೆ ರಕ್ಷಣಾಕ್ರಮವನ್ನು ಮುಂದೂಡಬಾರದು ಎಂಬುದು ಮುನ್ನೆಚ್ಚರಿಕೆ ತತ್ತ್ವ. 1992ರ ರಿಯೊ ಘೋಷಣೆಯ 15ನೆಯ ತತ್ತ್ವ ಇದನ್ನು ಜಗತ್ತಿನ ಮುಂದಿಟ್ಟಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮಾಲಿನ್ಯವನ್ನು ಕುರಿತ ವೆಲ್ಲೂರು ಪ್ರಕರಣದಲ್ಲಿ, 1996ರಲ್ಲಿ, ಈ ತತ್ತ್ವ ದೇಶದ ಕಾನೂನಿನ ಭಾಗವೆಂದು ಸಾರಿತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೆಯ ಕಲಮು ಇದನ್ನು ಶಾಸನದ ಮಾತಾಗಿಸಿದೆ. ಪರೀಕ್ಷಾ ವಿಧಾನಗಳೇ ಇನ್ನೂ ರೂಪುಗೊಳ್ಳುತ್ತಿರುವ ನ್ಯಾನೊ ಕ್ಷೇತ್ರದಲ್ಲಿ ಬಹುಪಾಲು ನಿಯಂತ್ರಣಕ್ಕೆ ನೈತಿಕ ಆಧಾರ ಈ ತತ್ತ್ವವೇ.

ವ್ಯಾಪಾರ ಕಾನೂನಿನ ಚೌಕಟ್ಟು

1995ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಮೂರು ಒಪ್ಪಂದಗಳು ಇಲ್ಲಿ ಪ್ರಸ್ತುತವಾಗುತ್ತವೆ.

ಗ್ಯಾಟ್ ಎಂದು ಪ್ರಸಿದ್ಧವಾದ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದವು ತಾರತಮ್ಯವನ್ನು ನಿಷೇಧಿಸುತ್ತದೆ. ವಿದೇಶಿ ಸರಕನ್ನು ಅದಕ್ಕೆ ಸದೃಶವಾದ ದೇಶೀಯ ಸರಕಿಗಿಂತ ಕೀಳಾಗಿ ನಡೆಸಿಕೊಳ್ಳಬಾರದು ಎಂಬುದು ಅದರ ಮೂರನೆಯ ವಿಧಿ. ಮನುಷ್ಯ, ಪ್ರಾಣಿ ಮತ್ತು ಸಸ್ಯಗಳ ಜೀವ ಹಾಗೂ ಆರೋಗ್ಯವನ್ನು ಕಾಯಲು ಅಗತ್ಯವಾದ ಕ್ರಮಗಳಿಗೆ ಇಪ್ಪತ್ತನೆಯ ವಿಧಿ ವಿನಾಯಿತಿ ಕೊಡುತ್ತದೆ. ಆದರೆ ಆ ಕ್ರಮ ಮನಬಂದ ತಾರತಮ್ಯವಾಗಬಾರದು, ರಕ್ಷಣೆಯ ವೇಷ ತೊಟ್ಟ ವ್ಯಾಪಾರ ನಿರ್ಬಂಧವೂ ಆಗಬಾರದು. ಕಡಲಾಮೆಗಳ ರಕ್ಷಣೆಗಾಗಿ ಅಮೆರಿಕವು ಸಿಗಡಿ ಆಮದಿನ ಮೇಲೆ ಹೇರಿದ್ದ ನಿರ್ಬಂಧವನ್ನು ಭಾರತ, ಪಾಕಿಸ್ತಾನ, ಮಲೇಷ್ಯಾ ಮತ್ತು ಥಾಯ್ಲೆಂಡ್ ಪ್ರಶ್ನಿಸಿದಾಗ, 1998ರಲ್ಲಿ ಮೇಲ್ಮನವಿ ಮಂಡಳಿಯು ಉದ್ದೇಶವನ್ನು ಒಪ್ಪಿ, ಅನ್ವಯಿಸಿದ ರೀತಿಯನ್ನು ತಪ್ಪೆಂದಿತು.

ವ್ಯಾಪಾರದ ತಾಂತ್ರಿಕ ಅಡೆತಡೆಗಳ ಒಪ್ಪಂದವು ಉತ್ಪನ್ನದ ಗುಣಲಕ್ಷಣ ಮತ್ತು ಲೇಬಲ್‌ಗಳನ್ನು ಕುರಿತ ಕಡ್ಡಾಯ ನಿಯಮಗಳಿಗೆ ಅನ್ವಯಿಸುತ್ತದೆ. ‘ನ್ಯಾನೊ’ ಎಂಬ ಲೇಬಲ್ ಇದರ ವ್ಯಾಪ್ತಿಗೆ ಬರುತ್ತದೆ. ನಿಯಮವು ನ್ಯಾಯಸಮ್ಮತ ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ವ್ಯಾಪಾರವನ್ನು ನಿರ್ಬಂಧಿಸಬಾರದು. ಸೂಕ್ತವಾದ ಅಂತರರಾಷ್ಟ್ರೀಯ ಮಾನಕವಿದ್ದರೆ ಅದನ್ನು ಆಧಾರವಾಗಿ ಬಳಸಬೇಕು. ಅಂಥ ಮಾನಕವಿಲ್ಲದಿದ್ದು ವ್ಯಾಪಾರದ ಮೇಲೆ ಗಣನೀಯ ಪರಿಣಾಮವಾಗುವಂತಿದ್ದರೆ, ಕರಡನ್ನು ಇತರ ಸದಸ್ಯ ದೇಶಗಳಿಗೆ ಮುಂಚಿತವಾಗಿ ತಿಳಿಸಬೇಕು.

ಮೂರನೆಯದು ಆಹಾರ ಸುರಕ್ಷತೆ ಹಾಗೂ ಪ್ರಾಣಿ, ಸಸ್ಯಗಳ ಆರೋಗ್ಯವನ್ನು ಕುರಿತ ಒಪ್ಪಂದ. ಇದರಡಿ ಕೈಗೊಳ್ಳುವ ಕ್ರಮಕ್ಕೆ ವೈಜ್ಞಾನಿಕ ಅಪಾಯ ಮೌಲ್ಯಮಾಪನದ ಬೆಂಬಲ ಬೇಕು.

ಕಲ್ನಾರು ವ್ಯಾಜ್ಯ ಕಲಿಸಿದ ಪಾಠ

ನ್ಯಾನೊ ವಸ್ತುವನ್ನೇ ಕುರಿತ ತೀರ್ಪನ್ನು ವಿಶ್ವ ವ್ಯಾಪಾರ ಸಂಸ್ಥೆ ಇದುವರೆಗೆ ನೀಡಿಲ್ಲ. ದಾರಿ ತೋರಬಲ್ಲ ತೀರ್ಪು ಕಲ್ನಾರಿಗೆ ಸಂಬಂಧಿಸಿದ್ದು. ಫ್ರಾನ್ಸ್ 1997ರಿಂದ ಕಲ್ನಾರನ್ನು ನಿಷೇಧಿಸಿತು. ಕಲ್ನಾರನ್ನು ರಫ್ತು ಮಾಡುತ್ತಿದ್ದ ಕೆನಡಾ ಇದನ್ನು ಪ್ರಶ್ನಿಸಿತು. ಕಲ್ನಾರಿನ ಬದಲು ಬಳಸುವ ಗಾಜಿನ ಮತ್ತು ಸೆಲ್ಯುಲೋಸಿನ ನಾರುಗಳು ಅದಕ್ಕೆ ಸದೃಶವೆಂದು ವಿಚಾರಣಾ ಸಮಿತಿ ಮೊದಲು ಹೇಳಿದರೂ, ಆರೋಗ್ಯ ರಕ್ಷಣೆಯ ವಿನಾಯಿತಿಯಡಿ ನಿಷೇಧವನ್ನು ಸಮರ್ಥಿಸಿತು.

2001ರ ಮಾರ್ಚ್‌ನಲ್ಲಿ ಮೇಲ್ಮನವಿ ಮಂಡಳಿ ಇನ್ನೂ ಆಳವಾದ ಮಾತು ಹೇಳಿತು. ಸಾದೃಶ್ಯವನ್ನು ನಿರ್ಧರಿಸುವಾಗ ಭೌತಿಕ ಗುಣ, ಅಂತಿಮ ಬಳಕೆ, ಗ್ರಾಹಕರ ಅಭಿರುಚಿ ಮತ್ತು ಸುಂಕದ ವರ್ಗೀಕರಣ ಎಂಬ ನಾಲ್ಕು ಅಂಶಗಳನ್ನು ನೋಡುವುದು ರೂಢಿ. ವಸ್ತುವಿನ ವಿಷಕಾರಿ ಗುಣವೂ ಅದರ ಭೌತಿಕ ಗುಣದ ಭಾಗವೇ ಎಂದು ಮಂಡಳಿ ತೀರ್ಮಾನಿಸಿ, ಈ ನಾರುಗಳು ಸದೃಶವೆಂಬ ನಿರ್ಣಯವನ್ನು ತಳ್ಳಿಹಾಕಿತು. ಯಾವ ಮಟ್ಟದ ರಕ್ಷಣೆ ಬೇಕೆಂಬುದನ್ನು ನಿರ್ಧರಿಸುವ ಹಕ್ಕು ಆಯಾ ದೇಶದ್ದು ಎಂದೂ ಸ್ಪಷ್ಟಪಡಿಸಿತು.

ಈ ತರ್ಕವನ್ನು ನ್ಯಾನೊ ವಸ್ತುಗಳಿಗೆ ವಿಸ್ತರಿಸುವುದು ಕಷ್ಟವಲ್ಲ. ಹೆಸರು, ಬಳಕೆ ಮತ್ತು ಸುಂಕ ಸಂಕೇತ ಒಂದೇ ಆಗಿದ್ದರೂ ನ್ಯಾನೊರೂಪದಿಂದ ಪ್ರತ್ಯೇಕ ಅಪಾಯವಿದೆಯೆಂದು ಪುರಾವೆಯಿಂದ ತೋರಿಸಿದರೆ, ಅದನ್ನು ಬೇರೆಯಾಗಿ ನಡೆಸಿಕೊಳ್ಳಲು ವ್ಯಾಪಾರ ಕಾನೂನಿನಲ್ಲಿ ಅವಕಾಶವಿದೆ. ವಸ್ತು ಹೊಸದೇ ಎಂಬ ಪರಿಸರ ಕಾನೂನಿನ ಪ್ರಶ್ನೆಯೂ ಸರಕು ಸದೃಶವೇ ಎಂಬ ವ್ಯಾಪಾರ ಕಾನೂನಿನ ಪ್ರಶ್ನೆಯೂ ಈ ಬಿಂದುವಿನಲ್ಲಿ ಕೂಡುತ್ತವೆ.

ಪುರಾವೆ ಅಪೂರ್ಣವಾಗಿದ್ದಾಗ

ಕಲ್ನಾರಿನ ಅಪಾಯಕ್ಕೆ ದಶಕಗಳ ವೈದ್ಯಕೀಯ ದಾಖಲೆಗಳಿದ್ದವು. ಅನೇಕ ನ್ಯಾನೊ ವಸ್ತುಗಳಿಗೆ ಅಂಥ ದಾಖಲೆ ಇಲ್ಲ. ಹಾರ್ಮೋನ್ ಬಳಸಿ ಬೆಳೆಸಿದ ದನದ ಮಾಂಸವನ್ನು ಕುರಿತ 1998ರ ವ್ಯಾಜ್ಯದಲ್ಲಿ, ಮುನ್ನೆಚ್ಚರಿಕೆ ತತ್ತ್ವವು ಅಪಾಯ ಮೌಲ್ಯಮಾಪನದ ಹೊಣೆಯನ್ನು ಅಳಿಸಿಹಾಕುವುದಿಲ್ಲವೆಂದು ಮೇಲ್ಮನವಿ ಮಂಡಳಿ ಹೇಳಿತು. ಆದರೂ ಆಹಾರ ಸುರಕ್ಷತೆಯ ಒಪ್ಪಂದದ 5.7ನೆಯ ವಿಧಿಯಲ್ಲಿ ಒಂದು ದಾರಿ ಇದೆ. ಪುರಾವೆ ಸಾಲದಿದ್ದಾಗ ಲಭ್ಯ ಮಾಹಿತಿಯ ಆಧಾರದಲ್ಲಿ ತಾತ್ಕಾಲಿಕ ಕ್ರಮ ಕೈಗೊಳ್ಳಬಹುದು. ಹೆಚ್ಚಿನ ಮಾಹಿತಿಯನ್ನು ಹುಡುಕುತ್ತಿರಬೇಕು ಮತ್ತು ಸಮಂಜಸ ಅವಧಿಯಲ್ಲಿ ಕ್ರಮವನ್ನು ಪುನರ್ವಿಮರ್ಶಿಸಬೇಕು.

ಈ ಷರತ್ತುಗಳ ಮಹತ್ವ ಟೈಟೇನಿಯಂ ಡೈಆಕ್ಸೈಡಿನಲ್ಲಿ ಎದ್ದುಕಾಣುತ್ತದೆ. ಐರೋಪ್ಯ ಒಕ್ಕೂಟ ಆಹಾರದಲ್ಲಿ ನಿಷೇಧಿಸಿದ ಈ ವಸ್ತುವನ್ನು ಅಮೆರಿಕವು ಆಹಾರದ ತೂಕದ ಶೇ 1ರ ಮಿತಿಯಲ್ಲಿ ಬಳಸಲು ಅನುಮತಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿಯು 2023ರ ಮರುಪರಿಶೀಲನೆಯಲ್ಲಿ, ಇದಕ್ಕೆ ದೈನಂದಿನ ಸೇವನೆಯ ಸಂಖ್ಯಾತ್ಮಕ ಮಿತಿ ಬೇಡವೆಂಬ ಹಿಂದಿನ ನಿಲುವನ್ನೇ ಉಳಿಸಿಕೊಂಡಿತು. ಒಂದೇ ವಸ್ತುವನ್ನು ಪರಿಶೀಲಿಸಿದ ತಜ್ಞರು ಭಿನ್ನ ತೀರ್ಮಾನಗಳಿಗೆ ಬಂದಾಗ ವಿಜ್ಞಾನದ ಭಿನ್ನಾಭಿಪ್ರಾಯ ವ್ಯಾಪಾರದ ಭಿನ್ನಾಭಿಪ್ರಾಯವಾಗಿ ಬೆಳೆಯಬಲ್ಲದು.

ಸಮಾನ ಅಳತೆಗೋಲಿನ ಹುಡುಕಾಟ

ಒಂದೇ ಮಾದರಿಯನ್ನು ಎರಡು ಪ್ರಯೋಗಾಲಯಗಳು ಎರಡು ವಿಧಾನಗಳಲ್ಲಿ ಅಳೆದರೆ ಒಂದರಲ್ಲಿ ಅದು ನ್ಯಾನೊ ಎನಿಸಿ, ಇನ್ನೊಂದರಲ್ಲಿ ಅಲ್ಲವೆನಿಸಬಹುದು. ಆದ್ದರಿಂದ ಮಾನಕಗಳ ಕಾರ್ಯ ಕಾನೂನಿನಷ್ಟೇ ಮುಖ್ಯ. ಅಂತರರಾಷ್ಟ್ರೀಯ ಮಾನಕ ಸಂಘಟನೆಯು 2005ರಲ್ಲಿ ನ್ಯಾನೊತಂತ್ರಜ್ಞಾನಕ್ಕೆಂದೇ 229ನೆಯ ತಾಂತ್ರಿಕ ಸಮಿತಿಯನ್ನು ರಚಿಸಿ ಪರಿಭಾಷೆ ಮತ್ತು ಮಾಪನ ವಿಧಾನಗಳನ್ನು ರೂಪಿಸುತ್ತಿದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2006ರಲ್ಲಿ ಇದಕ್ಕಾಗಿ ಕಾರ್ಯತಂಡವೊಂದನ್ನು ನೇಮಿಸಿತು. ರಾಸಾಯನಿಕಗಳ ಈಗಿನ ಪರೀಕ್ಷಾ ಕ್ರಮಗಳನ್ನು ತಕ್ಕಂತೆ ಮಾರ್ಪಡಿಸಿ ನ್ಯಾನೊ ವಸ್ತುಗಳಿಗೂ ಅನ್ವಯಿಸಬೇಕೆಂದು ಆ ಸಂಘಟನೆ 2013ರಲ್ಲಿ ಶಿಫಾರಸು ಮಾಡಿತು.

ಒಂದು ದೇಶದ ಮಾನ್ಯ ಪ್ರಯೋಗಾಲಯದ ಸುರಕ್ಷತಾ ಫಲಿತಾಂಶವನ್ನು ಇತರ ದೇಶಗಳೂ ಒಪ್ಪಬೇಕೆಂಬ ವ್ಯವಸ್ಥೆ ಈ ಸಂಘಟನೆಯಲ್ಲಿದೆ. ಭಾರತವು 2011ರಲ್ಲಿ ಅದಕ್ಕೆ ಪೂರ್ಣ ಪ್ರಮಾಣದಲ್ಲಿ ಸೇರಿತು. ಮಾನ್ಯತೆ ಪಡೆದ ಭಾರತೀಯ ಪ್ರಯೋಗಾಲಯದ ವರದಿ ಇದರಿಂದ ವಿದೇಶದಲ್ಲಿಯೂ ಬೆಲೆ ಪಡೆಯುತ್ತದೆ. ರಫ್ತುದಾರರಿಗೆ ಪರೀಕ್ಷೆಯ ವೆಚ್ಚ ಉಳಿಯುತ್ತದೆ, ಪ್ರಯೋಗಕ್ಕೆ ಬಲಿಯಾಗುವ ಪ್ರಾಣಿಗಳ ಸಂಖ್ಯೆಯೂ ತಗ್ಗುತ್ತದೆ.

ಅಂತರರಾಷ್ಟ್ರೀಯ ಪರಿಸರ ಒಪ್ಪಂದಗಳು

ಅಪಾಯಕಾರಿ ತ್ಯಾಜ್ಯದ ಸಾಗಣೆಯನ್ನು ಕುರಿತ 1989ರ ಬಾಸೆಲ್ ಒಪ್ಪಂದ, ಅಪಾಯಕಾರಿ ರಾಸಾಯನಿಕಗಳ ವ್ಯಾಪಾರಕ್ಕೆ ಪೂರ್ವಸಮ್ಮತಿ ಬೇಕೆನ್ನುವ 1998ರ ರಾಟರ್‌ಡ್ಯಾಮ್ ಒಪ್ಪಂದ, ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳನ್ನು ಕುರಿತ 2001ರ ಸ್ಟಾಕ್‌ಹೋಮ್ ಒಪ್ಪಂದ, ಈ ಮೂರೂ ನ್ಯಾನೊ ವಸ್ತುಗಳನ್ನು ಪ್ರತ್ಯೇಕ ವರ್ಗವಾಗಿ ನೋಡುವುದಿಲ್ಲ. ರಾಸಾಯನಿಕಗಳ ನಿರ್ವಹಣೆಗಾಗಿ 2006ರಲ್ಲಿ ದುಬೈನಲ್ಲಿ ಅಂಗೀಕಾರವಾದ ಜಾಗತಿಕ ಕಾರ್ಯತಂತ್ರವು 2009ರಲ್ಲಿ ನ್ಯಾನೊ ವಸ್ತುಗಳನ್ನು ಹೊಸದಾಗಿ ಗಮನ ಬೇಡುವ ವಿಷಯಗಳ ಪಟ್ಟಿಗೆ ಸೇರಿಸಿತು. ಆ ಕಾರ್ಯತಂತ್ರ ಸ್ವಯಂಪ್ರೇರಿತ ಸ್ವರೂಪದ್ದಾಗಿತ್ತು. ಅದನ್ನು ಪಾಲಿಸದ ದೇಶವನ್ನು ಹೊಣೆಯಾಗಿಸುವ ಶಕ್ತಿ ಅದಕ್ಕಿರಲಿಲ್ಲ. ವ್ಯಾಪಾರದ ಬದಿಗೆ ಕಟ್ಟುನಿಟ್ಟಾದ ಒಪ್ಪಂದಗಳಿದ್ದು ಪರಿಸರದ ಬದಿಗೆ ಸಡಿಲವಾದ ಸಮ್ಮತಿಗಳಷ್ಟೇ ಇರುವುದು ಈ ಕ್ಷೇತ್ರದ ಮುಖ್ಯ ಅಸಮತೋಲ.

ಭಾರತದ ಸ್ಥಿತಿ

ಭಾರತ ಸರ್ಕಾರವು 2001ರಲ್ಲಿ ನ್ಯಾನೊ ವಿಜ್ಞಾನಕ್ಕಾಗಿ ವಿಶೇಷ ಕಾರ್ಯಕ್ರಮವನ್ನು ಆರಂಭಿಸಿ, 2007ರಲ್ಲಿ ಐದು ವರ್ಷಗಳಿಗೆ 1,000 ಕೋಟಿ ರೂಪಾಯಿಗಳ ನ್ಯಾನೊ ಮಿಷನ್ ಆಗಿ ವಿಸ್ತರಿಸಿತು. ಈ ಪ್ರಯತ್ನಕ್ಕೆ ಕನ್ನಡನಾಡಿನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಮಾರ್ಗದರ್ಶನ ದೊರೆಯಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರ ಈ ಸಂಶೋಧನೆಯ ಪ್ರಮುಖ ನೆಲೆಗಳಾಗಿವೆ.

ನಿಯಂತ್ರಣದ ವಿಷಯದಲ್ಲಿ ದೇಶವು ಕ್ಷೇತ್ರವಾರು ಹೆಜ್ಜೆಗಳನ್ನು ಇಟ್ಟಿದೆ. ನ್ಯಾನೊ ಔಷಧಿಗಳ ಮೌಲ್ಯಮಾಪನಕ್ಕೆ 2019ರಲ್ಲಿ, ಕೃಷಿ ಒಳಸುರಿ ಮತ್ತು ಆಹಾರ ಉತ್ಪನ್ನಗಳ ಮೌಲ್ಯಮಾಪನಕ್ಕೆ 2020ರಲ್ಲಿ ಮಾರ್ಗಸೂಚಿಗಳು ಪ್ರಕಟವಾದವು. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ನ್ಯಾನೊ ರಸಗೊಬ್ಬರಗಳನ್ನು ಸೇರಿಸಲಾಯಿತು. ಅದೇ ವರ್ಷ ಇಫ್ಕೊ ಸಂಸ್ಥೆಯ ನ್ಯಾನೊ ಯೂರಿಯಾ 500 ಮಿಲಿಲೀಟರ್ ಬಾಟಲಿಗಳಲ್ಲಿ ರೈತರಿಗೆ ಬಂತು. ಎಲೆಗಳ ಮೇಲೆ ಸಿಂಪಡಿಸುವ ಈ ದ್ರವವು ನ್ಯಾನೊ ವಸ್ತುವನ್ನು ಪ್ರಯೋಗಾಲಯದಿಂದ ಹೊಲಕ್ಕೆ ತಂದಿತು.

ಆದರೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬರುವ ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಲ್ಲಾಗಲಿ, ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳಲ್ಲಾಗಲಿ ನ್ಯಾನೊ ವಸ್ತುಗಳಿಗೆ ಪ್ರತ್ಯೇಕ ವರ್ಗವಿಲ್ಲ. ಉತ್ಪನ್ನವನ್ನು ಮಾರುಕಟ್ಟೆಗೆ ಬಿಡುವ ಮುನ್ನ ನಡೆಯುವ ಪರಿಶೀಲನೆಗೆ ಮಾರ್ಗಸೂಚಿಗಳಿವೆ. ತಯಾರಿಕೆಯ ವೇಳೆ ಕಾರ್ಮಿಕನ ಉಸಿರಿಗೆ ಸೇರುವ ಮತ್ತು ಬಳಕೆಯ ಬಳಿಕ ಕೆರೆ, ನದಿ, ಮಣ್ಣಿಗೆ ಸೇರುವ ಕಣಗಳ ಲೆಕ್ಕ ಇಡಲು ವ್ಯವಸ್ಥೆ ಇಲ್ಲ.

ಆಗಬೇಕಾದ ಕಾರ್ಯ

ಮೇಲಿನ ವಿವರಗಳಿಂದ ಮೂರು ಅಗತ್ಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಯಾವ ನ್ಯಾನೊ ವಸ್ತು ಎಷ್ಟು ಪ್ರಮಾಣದಲ್ಲಿ, ಎಲ್ಲಿ ತಯಾರಾಗಿ ಎಲ್ಲಿ ಬಳಕೆಯಾಗುತ್ತಿದೆ ಎಂಬ ದಾಖಲೆ ಪ್ರತಿ ದೇಶದಲ್ಲಿಯೂ ಇರಬೇಕು. ದಾಖಲೆಯಿಲ್ಲದಿದ್ದರೆ ಮುನ್ನೆಚ್ಚರಿಕೆಗೆ ಆಧಾರವಿಲ್ಲ, ವ್ಯಾಪಾರ ವ್ಯಾಜ್ಯದಲ್ಲಿ ಮಂಡಿಸಲು ಪುರಾವೆಯೂ ಇಲ್ಲ. ಎರಡನೆಯದಾಗಿ, ಅಳತೆಯ ಮಾನಕಗಳು ರೂಪುಗೊಳ್ಳುವ ಸಮಿತಿಗಳಲ್ಲಿ ಅಭಿವೃದ್ಧಿಶೀಲ ದೇಶಗಳ ವಿಜ್ಞಾನಿಗಳು ಸಕ್ರಿಯವಾಗಿ ಪಾಲ್ಗೊಳ್ಳಬೇಕು. ಅಲ್ಲಿ ಒಪ್ಪಿಗೆಯಾದ ಅಳತೆಯೇ ವ್ಯಾಪಾರ ಒಪ್ಪಂದದ ಮೂಲಕ ಎಲ್ಲರಿಗೂ ಅನ್ವಯವಾಗುವುದರಿಂದ, ಅನುಪಸ್ಥಿತಿಗೆ ತೆರಬೇಕಾದ ಬೆಲೆ ದೊಡ್ಡದು. ಮೂರನೆಯದಾಗಿ, ನಿಯಮಗಳು ಪಾರದರ್ಶಕವಾಗಿದ್ದು ಹೊಸ ಪುರಾವೆ ಬಂದಂತೆ ಪರಿಷ್ಕೃತವಾಗಬೇಕು. 2019ರ ಡಿಸೆಂಬರಿನಿಂದ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಸಾಕಷ್ಟು ಸದಸ್ಯರಿಲ್ಲದೆ ಸ್ಥಗಿತಗೊಂಡಿರುವುದರಿಂದ, ವ್ಯಾಜ್ಯ ಹುಟ್ಟದಂತೆ ಮುಂಚಿತವಾಗಿಯೇ ನಿಯಮಗಳನ್ನು ಹೊಂದಿಸಿಕೊಳ್ಳುವ ಅಗತ್ಯ ಹೆಚ್ಚಿದೆ.

ಪರಿಸರ ಕಾನೂನು ಮತ್ತು ವ್ಯಾಪಾರ ಕಾನೂನು ಸ್ವಭಾವತಃ ಪರಸ್ಪರ ವಿರೋಧಿಗಳಲ್ಲ. ಎರಡೂ ಕೇಳುವುದು ಪ್ರಾಮಾಣಿಕವಾದ ಪುರಾವೆಯನ್ನು. ಕಣದ ಗಾತ್ರ, ಆಕಾರ ಮತ್ತು ಪರಿಣಾಮವನ್ನು ನಿಖರವಾಗಿ ಅಳೆದು ಬಹಿರಂಗವಾಗಿ ದಾಖಲಿಸುವ ದೇಶವು ತನ್ನ ಜನರ ಆರೋಗ್ಯವನ್ನೂ ಕಾಯಬಲ್ಲದು, ತನ್ನ ಸರಕಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ನ್ಯಾಯವನ್ನೂ ಕೇಳಬಲ್ಲದು.